ಬೆವರುವ ಹಲಗೆ

ಮಳೆ ಬರುವ ಸುದ್ದಿಯನ್ನು ನನಗೆ ಟೀವಿಯವರು ಹೇಳಬೇಕಾಗಿಲ್ಲ. ಶಿರವಾಡದ ನಮ್ಮ ಮನೆಯ ಅಡುಗೆಕೋಣೆಯಲ್ಲಿ, ಉಪ್ಪಿನಕಾಯಿ ಭರಣಿಗಳ ಕೆಳಗೆ, ಒಂದು ಹಳೆಯ ಹಲಗೆ ಇದೆ. ಮೇ ತಿಂಗಳ ಕೊನೆಯಲ್ಲಿ, ಆಕಾಶದಲ್ಲಿ ಮೋಡದ ಚೂರೂ ಕಾಣದಿರುವಾಗ, ಅದು ಬೆವರಲು ಶುರುಮಾಡುತ್ತದೆ. ಮೊದಲು ಅಂಚಿನಲ್ಲಿ ಸಣ್ಣ ಸಣ್ಣ ಹನಿ, ಆಮೇಲೆ ಮೈತುಂಬ ತೇವ. ಜೊತೆಗೆ ಒಂದು ವಾಸನೆ ಏಳುತ್ತದೆ: ಕೆಸರು, ಉಪ್ಪು, ಕೊಳೆತ ಎಲೆ, ಆಗಷ್ಟೇ ನೀರಿನಿಂದ ತೆಗೆದ ಶೆಟ್ಲಿ. ಅಂಗಡಿಯವರು ಸಿಗಡಿ ಅನ್ನುವುದನ್ನು ನಾವು ಶೆಟ್ಲಿ ಅನ್ನುತ್ತೇವೆ. ಸಿಗಡಿ ಎಂದರೆ ನನಗೆ ಬಾಯಲ್ಲಿ ನೀರೇ ಬರುವುದಿಲ್ಲ. ಆ ಹಲಗೆಯನ್ನು ಬಿಸಾಕಿ ಒಂದು ಚೆಂದದ ಗ್ರಾನೈಟ್ ಹಾಕಿಸೋಣ ಎಂದು ನನ್ನ ಗಂಡ ಪ್ರತಿ ವರ್ಷವೂ ಹೇಳುತ್ತಾರೆ. ನಾನೂ ಪ್ರತಿ ವರ್ಷ ಜಗಳ ತೆಗೆಯುತ್ತೇನೆ. ಪಾಪ, ಅವರಿಗೆ ಅದು ಬರೀ ಹಲಗೆ. ನನಗೋ, ಆ ವಾಸನೆ ಮೂಗಿಗೆ ಬಿದ್ದರೆ ಸಾಕು, ಇಷ್ಟು ವಯಸ್ಸಾದರೂ ಕಾಲು ನೆಲದ ಮೇಲೆ ನಿಲ್ಲುವುದಿಲ್ಲ. ಯಾರೋ ಕತ್ತಲಲ್ಲಿ ನನ್ನ ಕಂಬಳಿ ಎಳೆದು 'ಏಳೇ, ಇಳಿತ ಶುರುವಾಯ್ತು' ಎಂದ ಹಾಗಾಗುತ್ತದೆ.

ಅಂಕೋಲೆಯ ಕಡೆ, ಗಂಗಾವಳಿ ನದಿ ಸಮುದ್ರ ಸೇರುವುದಕ್ಕೆ ತುಸು ಮುಂಚೆ, ನಮ್ಮ ಕುಟುಂಬದ ಗಜನಿ ಇತ್ತು. ಗಜನಿ ಎಂದರೆ ಉಪ್ಪುನೀರಿನ ಜೌಗು ಗದ್ದೆ. ಮಳೆಗಾಲದಲ್ಲಿ ಅದರಲ್ಲಿ ಕಗ್ಗ ಬೆಳೆಯುತ್ತಿದ್ದೆವು. ಉಪ್ಪಿಗೂ ನೆರೆಗೂ ಹೆದರದ, ಆಳೆತ್ತರ ಬೆಳೆಯುವ ಕೆಂಪಕ್ಕಿಯ ಭತ್ತ ಅದು. ಕೊಯ್ಲು ಮುಗಿದ ಮೇಲೆ ಗದ್ದೆಗೆ ನದಿಯ ಉಪ್ಪುನೀರು ಬಿಡುವುದು. ನೀರಿನ ಜೊತೆ ಮೀನುಮರಿ, ಶೆಟ್ಲಿಮರಿ, ಏಡಿ ಎಲ್ಲ ಕರೆಯದ ನೆಂಟರ ಹಾಗೆ ಒಳಗೆ ಬಂದು, ಬೇಸಿಗೆಯಿಡೀ ಅಲ್ಲೇ ತಿಂದು ಕೊಬ್ಬುತ್ತಿದ್ದವು. ಗದ್ದೆಗೂ ನದಿಗೂ ನಡುವೆ ಮಣ್ಣಿನ ಕಟ್ಟೆ. ಕಟ್ಟೆಯಲ್ಲಿ ನೀರಿಗೊಂದು ಬಾಗಿಲು, ಅದಕ್ಕೆ ಜಂತ್ರಡಿ ಎಂದು ಹೆಸರು. ಆ ಜಂತ್ರಡಿಯ ಪಕ್ಕದಲ್ಲಿ, ಕಟ್ಟೆ ತುಸು ಅಗಲವಾಗಿದ್ದ ಕಡೆ, ನಮ್ಮ ಮಾಳ. ಕಾವಲಿಗೆಂದು ಅಜ್ಜ ಕಟ್ಟಿದ ಗುಡಿಸಲು. ತೆಂಗಿನ ಮಡಲಿನ ಮಾಡು, ಮಣ್ಣಿನ ನೆಲ, ನಾಲ್ಕು ಜನ ಮಲಗಬಹುದಾದಷ್ಟು ಜಾಗ. ಅದರಲ್ಲಿ ನಾವು ಎಷ್ಟು ಜನ ಮಲಗುತ್ತಿದ್ದೆವು ಎಂದು ಕೇಳಬೇಡಿ. ಒಬ್ಬರು ಮಗ್ಗುಲು ಬದಲಿಸಿದರೆ ಸಾಲಿಗೆ ಸಾಲೇ ಬದಲಿಸಬೇಕಿತ್ತು.

ಆ ಮಾಳದ ಬೆಳಗುಗಳನ್ನು ಹೇಗೆ ಹೇಳಲಿ! ಇನ್ನೂ ಕತ್ತಲಿರುವಾಗಲೇ ಎಚ್ಚರವಾಗುತ್ತಿತ್ತು. ನೆಲಕ್ಕೆ ಕಿವಿಯಿಟ್ಟರೆ ಕಟ್ಟೆಯ ಆಚೆ ನದಿ ಸರಿಯುವ ಸದ್ದು, ಈಚೆ ಗದ್ದೆಯ ನೀರಿನಲ್ಲಿ ಪುಳಕ್ ಪುಳಕ್ ಎಂದು ಮೀನು ಹಾರುವ ಸದ್ದು. ಅಜ್ಜಿ ಮೂರು ಕಲ್ಲಿನ ಒಲೆಗೆ ಕಾಯಿಸಿಪ್ಪೆ ಒಟ್ಟಿ ಬೆಲ್ಲದ ಚಾ ಕಾಯಿಸುತ್ತಿದ್ದಳು. ಹೊಗೆ ಮಾಡಿನೊಳಗೇ ಸುತ್ತು ಹೊಡೆದು ಎಲ್ಲರ ಕಣ್ಣಿಗೆ ಸಮನಾಗಿ ಹಂಚಿಕೆಯಾಗುತ್ತಿತ್ತು. ಹಾಲಿಲ್ಲದ ಆ ಚಾ ಕುಡಿಯುತ್ತ ಬಾಗಿಲಲ್ಲಿ ಕುಳಿತರೆ ಎದುರಿಗೆ ಏನೂ ಕಾಣುವುದಿಲ್ಲ. ಮೆಲ್ಲಗೆ ಮೊದಲು ನೀರು ಬಿಳುಪಾಗುತ್ತದೆ, ಆಮೇಲೆ ಆಕಾಶ. ಬೆಳಕು ಕೆಳಗಿನಿಂದ ಮೇಲೇರುವುದನ್ನು ನಾನು ಮತ್ತೆಲ್ಲೂ ನೋಡಿಲ್ಲ. ಉಪ್ಪುನೀರಿನ ದಂಡೆಯಲ್ಲಿ ಬೇರು ಬಿಟ್ಟು ಬೆಳೆಯುವ ಕಾಂಡ್ಲಾ ಗಿಡಗಳ ಮೇಲೆ ಮಲಗಿದ್ದ ಬೆಳ್ಳಕ್ಕಿಗಳು ಒಂದೊಂದೇ ಕೊರಳು ಎತ್ತುತ್ತಿದ್ದವು. ನನಗೂ ನನ್ನ ದೊಡ್ಡಪ್ಪನ ಮಗಳು ಸುಲಭೆಗೂ ಅಷ್ಟು ಹೊತ್ತಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ನಾವಿಬ್ಬರೂ ಒಂದೇ ವಯಸ್ಸಿನವರು. ಒಂದೇ ಲೋಟದಲ್ಲಿ ಚಾ ಕುಡಿದು, ತಳದ ಬೆಲ್ಲ ಯಾರಿಗೆ ಎಂದು ಜಗಳವಾಡುವಷ್ಟು ಪ್ರೀತಿ.

ಇದೆಲ್ಲ ವರ್ಷಕ್ಕೊಮ್ಮೆ, ಹಲಗೆ ಎಳೆಯುವ ಹಬ್ಬಕ್ಕೆ. ಹಬ್ಬ ಎಂದು ಪಂಚಾಂಗದಲ್ಲೇನೂ ಇಲ್ಲ, ನಮ್ಮ ಮನೆಯಲ್ಲಿ ಮಾತ್ರ ಇತ್ತು. ಮಳೆಗೆ ಮುಂಚೆ ಗಜನಿಯ ನೀರನ್ನೆಲ್ಲ ನದಿಗೆ ಬಿಟ್ಟು, ಕೆಸರು ಬಿಸಿಲಿಗೆ ಒಣಗಿ ಬಿರಿಯಬೇಕು. ಆಗಲೇ ಕಗ್ಗಕ್ಕೆ ಮಣ್ಣು ಏರಿಸಲು ಬರುವುದು. ಮೇ ತಿಂಗಳ ಅಮಾವಾಸ್ಯೆ ಕಳೆದು ನಾಲ್ಕನೆಯ ದಿನವನ್ನು ಅಜ್ಜಿ ಆರಿಸುತ್ತಿದ್ದಳು. ಆಗ ನೀರಿನ ಇಳಿತ ಸರಿಯಾಗಿ ಬೆಳಗಿನ ಹೊತ್ತಿಗೆ ಬೀಳುತ್ತದೆ. ಜಂತ್ರಡಿಗೆ ಎರಡು ಕಲ್ಲುಕಂಬ, ಕಂಬಗಳ ಸೀಳಿನಲ್ಲಿ ಒಂದರ ಮೇಲೊಂದು ಕೂರಿಸಿದ ನಾಲ್ಕು ಹಲಗೆ. ಅಜ್ಜ ಅವನ್ನು ಗುರುತಿಗೆ ಗೀರು ಕೊರೆದು ಮನೆಗೊಂದರಂತೆ ಹಂಚಿದ್ದ. ಒಂದು ಗೀರಿನದು ಹಿರಿಯ ಮಗನದು, ಅಂದರೆ ದೊಡ್ಡಪ್ಪನದು, ಅದು ಎಲ್ಲಕ್ಕಿಂತ ಮೇಲೆ. ಎರಡು ಗೀರಿನದು ನನ್ನ ಅಪ್ಪನದು. ಮೂರು ಗೀರಿನದು ಅವರ್ಸೆ ಊರಿಗೆ ಮದುವೆ ಮಾಡಿಕೊಟ್ಟಿದ್ದ ದೇವಕಿ ಅತ್ತೆಯದು. ಕೊಟ್ಟ ಹೆಣ್ಣಾದರೇನು, ನೀರು ಬಿಡುವುದರಲ್ಲಿ ಅವಳದೂ ಪಾಲಿದೆ ಎಂದು ಅಜ್ಜ ಹೇಳಿದ್ದನಂತೆ. ತಳದ್ದು ಗೀರೇ ಇಲ್ಲದ ಅಜ್ಜಿಯ ಹಲಗೆ, ಕೆಸರಿನಲ್ಲಿ ಹೂತು ಕುಳಿತದ್ದು, ಅದನ್ನು ಕೊನೆಗೆ ಎಲ್ಲರೂ ಸೇರಿ ಎಳೆಯಬೇಕು. ಅವರವರ ಹಲಗೆಗೆ ಅವರವರೇ ಮೊದಲ ಕೈ ಹಾಕಬೇಕು, ಅದಕ್ಕೆ ಮುಂಚೆ ಬೇರೆಯವರು ಮುಟ್ಟುವಂತಿಲ್ಲ. ಹಾಗಾಗಿ ಒಂದು ಮನೆ ತಪ್ಪಿದರೂ ಜಂತ್ರಡಿ ತೆರೆಯುವಂತಿಲ್ಲ. ಅಜ್ಜಿ ಕಟ್ಟೆಯ ಮೇಲಿನ ಕಲ್ಲಿಗೆ ಒಂದು ದಾಸಾಳ ಹೂವಿಟ್ಟು, ಎಲ್ಲರ ಮುಖ ನೋಡಿ, "ಎಲ್ಲಾ ಬಂದಾಯ್ತಾ?" ಎಂದು ಕೇಳುತ್ತಿದ್ದಳು. ಕಣ್ಣೆದುರಿಗೇ ಕಾಣುತ್ತಿದ್ದರೂ ಕೇಳುತ್ತಿದ್ದಳು. ಬಂದಾಯ್ತು ಎಂದರೆ, "ಹಂಗಾರೆ ಎಳೆಯೂಕೆ ಅಡ್ಡಿಲ್ಲ" ಎನ್ನುವಳು. ಆ 'ಅಡ್ಡಿಲ್ಲ'ಕ್ಕಾಗಿ ನಾವು ವರ್ಷವಿಡೀ ಕಾಯುತ್ತಿದ್ದೆವು.

ಒಂದು ವರ್ಷ ಅದು ಬರುವುದೇ ಇಲ್ಲವೇನೋ ಅನ್ನಿಸಿಬಿಟ್ಟಿತ್ತು. ಹಿಂದಿನ ವರ್ಷದ ಹಬ್ಬದ ಊಟಕ್ಕೆ ಕುಳಿತಾಗ ದೊಡ್ಡಪ್ಪ ಒಂದು ಮಾತು ತೆಗೆದಿದ್ದ. ಅವನಿಗೆ ಬಿಣಗಾದ ಕಾರ್ಖಾನೆಯಲ್ಲಿ ಕೆಲಸ, ಯಂತ್ರಗಳ ನಡುವಿನ ಜೀವ. ಈ ಕೊಳೆತ ಹಲಗೆಗಳ ಗೋಳು ಎಷ್ಟು ದಿನ, ಕಬ್ಬಿಣದ ಬಾಗಿಲು ಕೂರಿಸಿ ಮೇಲೊಂದು ಚಕ್ರ ಇಟ್ಟರೆ ಒಬ್ಬನೇ ಒಂದು ಕೈಯಲ್ಲಿ ತಿರುಗಿಸಿ ನೀರು ಬಿಡಬಹುದು, ನಾಲ್ಕು ಮನೆಯವರು ಬಸ್ಸು ಹಿಡಿದು ಬರುವ ರಗಳೆಯೇ ಇಲ್ಲ ಎಂದ. ಅವನು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಆದರೆ ನನ್ನ ಅಪ್ಪನದು ಕಡ್ಡಿ ಮುರಿದಂಥ ಮಾತು. ಬರುವುದು ರಗಳೆ ಅನ್ನಿಸಿದವರು ಬರದಿದ್ದರಾಯಿತು ಎಂದುಬಿಟ್ಟ. ದೊಡ್ಡಪ್ಪ ಕಲಸಿದ ಅನ್ನ ಬಿಟ್ಟು, ತಾಟಿನ ಮುಂದಿನಿಂದ ಎದ್ದು ಹೋದ. ನಮ್ಮ ಕಡೆ ಊಟದ ನಡುವೆ ಎದ್ದು ಹೋಗುವುದೆಂದರೆ ಸಣ್ಣ ವಿಷಯವಲ್ಲ. ಆ ವರ್ಷ ಚೌತಿಗೂ ಅವನು ಬರಲಿಲ್ಲ, ಕಗ್ಗ ಕೊಯ್ಲಿಗೂ ಬರಲಿಲ್ಲ. ಸುಲಭೆಯನ್ನೂ ಕಳಿಸಲಿಲ್ಲ. ದೊಡ್ಡವರ ಸಿಟ್ಟಿನಲ್ಲಿ ನನ್ನ ಸುಲಭೆ ಯಾಕೆ ಸಿಕ್ಕಿಹಾಕಿಕೊಳ್ಳಬೇಕು ಎಂದು ನನಗೆ ಇಬ್ಬರ ಮೇಲೂ ಕೆಂಡದಂಥ ಕೋಪ. ಅಪ್ಪನ ಜೊತೆ ಮಾತು ಬಿಟ್ಟು ನೋಡಿದೆ. ಒಂದು ಇಡೀ ದಿನ ಅವನಿಗೆ ಅದು ಗೊತ್ತೇ ಆಗಲಿಲ್ಲ.

ಮತ್ತೆ ಮೇ ಬಂತು. ಬಿಣಗಾಕ್ಕೆ ಮೀನು ಮಾರಲು ಹೋಗುವ ಹೆಂಗಸಿನ ಬಾಯಲ್ಲಿ ಅಜ್ಜಿ ದೊಡ್ಡಪ್ಪನಿಗೆ ದಿನವನ್ನು ಹೇಳಿ ಕಳಿಸಿದಳು. ಬಾ ಎಂದೂ ಹೇಳಲಿಲ್ಲ, ಬರಬೇಡ ಎಂದೂ ಹೇಳಲಿಲ್ಲ; ಅಮಾಸೆ ಆಗಿ ನಾಲ್ಕನೆಯ ದಿನ ಎಂದಷ್ಟೇ. ಹಿಂದಿನ ಸಂಜೆಯೇ ನಾವೆಲ್ಲ ಮಾಳಕ್ಕೆ ಹೋದೆವು. ಅತ್ತೆ ಮಕ್ಕಳನ್ನೆಲ್ಲ ಕಟ್ಟಿಕೊಂಡು ಅವರ್ಸೆಯಿಂದ ಬಂದಿದ್ದಳು. ನಾನು ನನ್ನ ಪಕ್ಕದಲ್ಲಿ ಸುಲಭೆಗೆಂದು ಜಾಗ ಹಿಡಿದು, ಅಲ್ಲಿ ನನ್ನ ಲಂಗವನ್ನು ಉದ್ದಕ್ಕೆ ಹಾಸಿ, ಅತ್ತೆಯ ಮಕ್ಕಳು ಉರುಳಿ ಬಂದರೆ ಮೊಣಕೈಯಲ್ಲಿ ತಿವಿಯುತ್ತ ಮಲಗಿದೆ. ಬೆಳಗಿನ ಜಾವ ಎದ್ದು ನೋಡಿದರೆ ಲಂಗ ಹಾಸಿದ ಹಾಗೇ ಇತ್ತು.

ಇಳಿತ ಶುರುವಾಗಿತ್ತು. ಕಟ್ಟೆಯ ಆಚೆ ನದಿಯ ನೀರು ಇಳಿಯುತ್ತ ಕಂಬದ ಮೇಲೆ ಒದ್ದೆಯ ಗುರುತು ಬಿಡುತ್ತಿತ್ತು. ಈಚೆ ನಮ್ಮ ಗದ್ದೆಯ ನೀರು ತುಂಬಿ ನಿಂತು, ಹಲಗೆಗಳ ಸಂದಿಯಿಂದ ಚಿರ್ ಎಂದು ಚಿಮ್ಮುತ್ತಿತ್ತು. ಬಲೆ ಕಟ್ಟಿ ಆಗಿತ್ತು, ಬುಟ್ಟಿಗಳು ಸಾಲಾಗಿ ಕುಳಿತಿದ್ದವು. ಅಜ್ಜಿ ಹೂವಿಟ್ಟಳು, ಎಲ್ಲರ ಮುಖ ನೋಡಿದಳು, ಏನೂ ಕೇಳದೆ ಕಟ್ಟೆಯ ಮೇಲೆ ಕುಳಿತುಬಿಟ್ಟಳು. ಆಚೆಯ ಗಜನಿಯವರು ಅಷ್ಟು ಹೊತ್ತಿಗೆ ಅವರ ಜಂತ್ರಡಿ ತೆರೆದರು. ಆ ನೀರಿನ ಭೋರ್ಗರೆತ, ಅಲ್ಲಿಯ ಮಕ್ಕಳ ಕೇಕೆ ನಮ್ಮ ತನಕ ಬರುತ್ತಿದ್ದರೆ ನಾವು ಇಲ್ಲಿ ಒಂಟಿಕಾಲಿನಲ್ಲಿ ನಿಂತು ಚಡಪಡಿಸುತ್ತಿದ್ದೆವು. ಈ ಇಳಿತ ತಪ್ಪಿದರೆ ಮುಂದಿನ ದೊಡ್ಡ ಇಳಿತ ಹುಣ್ಣಿಮೆ ಕಳೆದ ಮೇಲೆಯೇ. ಅಷ್ಟರೊಳಗೆ ಮಳೆ ಬಿದ್ದರೆ ಕೆಸರು ಒಣಗುವುದಿಲ್ಲ, ಆ ವರ್ಷದ ಕಗ್ಗಕ್ಕೆ ಎಳ್ಳುನೀರು. ಅತ್ತೆ ಮೆಲ್ಲಗೆ ಅಜ್ಜಿಯ ಹತ್ತಿರ ಹೋಗಿ, ಅಣ್ಣನ ಹಲಗೆಗೆ ನಾನೇ ಕೈ ಹಾಕುತ್ತೇನೆ, ಶಾಸ್ತ್ರಕ್ಕೆ ಅಷ್ಟೇ ತಾನೆ ಎಂದಳು. ಅಜ್ಜಿ ನದಿಯನ್ನೇ ನೋಡುತ್ತಿದ್ದಳು.

"ಕೊಳೀಲಿ ಬೇಕಾರೆ. ಎಂಕ್ಟ ಬರದೆ ಯಾರೂ ಮುಟ್ಟೂಕಿಲ್ಲ," ಎಂದಳು. ದೊಡ್ಡಪ್ಪ ಅವಳ ಬಾಯಲ್ಲಿ ಎಂಕ್ಟ.

ಅಪ್ಪ ಬೀಡಿ ಹಚ್ಚುತ್ತಿದ್ದ, ಎರಡು ಸಲ ಎಳೆದು ಬಿಸಾಕುತ್ತಿದ್ದ, ಮತ್ತೊಂದು ಹಚ್ಚುತ್ತಿದ್ದ. ಅವನ ಕಣ್ಣು ಮಾತ್ರ ಹೆದ್ದಾರಿಯ ದಿಕ್ಕಿಗೇ ಇತ್ತು. ಬಿಣಗಾದಿಂದ ಬರುವ ಬಸ್ಸು ನಿಲ್ಲುವುದು ಆ ಕಡೆ, ಅಲ್ಲಿಂದ ಕಟ್ಟೆಯ ಮೇಲೆ ಬಹಳ ನಡೆಯಬೇಕು. ಸೂರ್ಯ ಕಾಂಡ್ಲಾ ಗಿಡಗಳ ಮೇಲಕ್ಕೆ ಬಂದ. ಕಂಬದ ಒದ್ದೆ ಗುರುತು ಕೆಳಕ್ಕೆ, ಇನ್ನೂ ಕೆಳಕ್ಕೆ ಹೋಗುತ್ತಿತ್ತು. ನಾನು ಊರಿನ ದೇವರಿಗೆಲ್ಲ ತೆಂಗಿನಕಾಯಿ ಹೇಳಿಕೊಂಡು ಮುಗಿಸಿದ್ದೆ.

ಮೊದಲು ಕಂಡದ್ದು ನಾನೇ. ಆ ಹೆಮ್ಮೆ ನನಗೆ ಇವತ್ತಿಗೂ ಇದೆ. ಕಟ್ಟೆಯ ತುದಿಯಲ್ಲಿ ಏನೋ ಕೆಂಪಗೆ ಹಾರುತ್ತ ಬರುತ್ತಿತ್ತು. ಅದು ಸುಲಭೆಯ ಫ್ರಾಕು. ಚಪ್ಪಲಿ ಕೈಯಲ್ಲಿ ಹಿಡಿದು, ಜಡೆ ಬಿಚ್ಚಿಹೋಗಿ, ಅವಳು ಓಡಿ ಬರುತ್ತಿದ್ದಳು. ಅವಳ ಹಿಂದೆ ದೂರದಲ್ಲಿ ದೊಡ್ಡಪ್ಪ, ಮೈಮೇಲೆ ಕಾರ್ಖಾನೆಯ ಖಾಕಿ ಅಂಗಿ. ಅವನ ಹಿಂದೆ ಮಾವಿನಹಣ್ಣಿನ ಚೀಲ ಹೊತ್ತ ದೊಡ್ಡಮ್ಮ. ನಾನು ಕೂಗಿದ ಕೂಗಿಗೆ ಬೆಳ್ಳಕ್ಕಿಗಳೆಲ್ಲ ಒಟ್ಟಿಗೆ ಎದ್ದವು. ರಾತ್ರಿ ಪಾಳಿ ಮುಗಿಸಿ ಬಂದ ದೊಡ್ಡಪ್ಪ ಮುಖ ತೊಳೆಯುತ್ತ ನಿಂತವನು ಇದ್ದಕ್ಕಿದ್ದಂತೆ ಹೊರಡಿ ಎಂದನಂತೆ. ಇದನ್ನು ಸುಲಭೆ ನನ್ನ ಕಿವಿಯಲ್ಲಿ ಏದುಸಿರು ಬಿಡುತ್ತ ಹೇಳುವಷ್ಟರಲ್ಲಿ ದೊಡ್ಡಪ್ಪ ಯಾರನ್ನೂ ನೋಡದೆ ನೇರ ಜಂತ್ರಡಿಗೆ ಇಳಿದಿದ್ದ. ಒಂದು ಗೀರಿನ ಹಲಗೆಗೆ ಕೈ ಹಾಕಿ ಎಳೆದ. ಅದು ಜಪ್ಪಯ್ಯ ಅನ್ನಲಿಲ್ಲ. ನೀರು ಕುಡಿದು ಉಬ್ಬಿದ ಹಲಗೆ, ಒಂದು ತುದಿ ಹಿಡಿದು ಎಳೆದರೆ ಇನ್ನೊಂದು ತುದಿ ಕಚ್ಚಿಕೊಳ್ಳುತ್ತದೆ. ಎರಡು ಸಲ ಎಳೆದ, ಮೂರನೆಯ ಸಲಕ್ಕೆ ಅವನ ಕೈ ಜಾರಿತು. ಆಗ ಅಪ್ಪ ಬೀಡಿ ಬಿಸಾಕಿ ಇಳಿದ. ಎದುರು ಕಂಬದ ಹತ್ತಿರ ನಿಂತು ಇನ್ನೊಂದು ತುದಿ ಹಿಡಿದ. ಇಬ್ಬರೂ ಹಲಗೆಯನ್ನೇ ನೋಡುತ್ತಿದ್ದರು.

"ಕಬ್ಬಿಣದ್ದಾಗಿದ್ರೆ ಇಷ್ಟ್ ತ್ರಾಸ್ ಇರ್ತಿರ್ಲಿಲ್ಲ," ಎಂದ ದೊಡ್ಡಪ್ಪ.

"ಕಬ್ಬಿಣದ್ದಾಗಿದ್ರೆ ನೀ ಬತ್ತಿದ್ಯಾ?" ಎಂದ ಅಪ್ಪ.

ದೊಡ್ಡಪ್ಪನ ಗಂಟಲಿನಿಂದ ಏನೋ ಒಂದು ಸದ್ದು ಬಂತು. ನಗುವೋ ಅಳುವೋ ನನಗೆ ತಿಳಿಯಲಿಲ್ಲ. ಮೇಲೆ ಕುಳಿತಿದ್ದ ಅಜ್ಜಿ ಸೆರಗಿನಿಂದ ಮೂಗು ಒರೆಸಿಕೊಂಡು, ಎಲ್ಲಾ ಬಂದಾಯ್ತಾ ಎಂದು ಕೇಳಿದಳು. ಬಂದಾಯ್ತು ಎಂದು ನಾವು ಮಕ್ಕಳು ಅರಚಿದೆವು. ಅವಳ ಅಡ್ಡಿಲ್ಲ ನಮ್ಮ ಗದ್ದಲದಲ್ಲಿ ಯಾರಿಗೂ ಕೇಳಿಸಲೇ ಇಲ್ಲ.

ಆಮೇಲಿನದು ಬರೀ ಸಂಭ್ರಮ. ಮೊದಲ ಹಲಗೆ ಕಿತ್ತು ಬಂದಾಗ ನೀರು ಒಂದು ಹಾಳೆಯ ಹಾಗೆ ಬಾಗಿ ಆಚೆ ಬಿತ್ತು. ಎರಡನೆಯದಕ್ಕೆ ಮೊರೆತ. ಅತ್ತೆಯ ಹಲಗೆ ಬಂದಾಗ ಕಟ್ಟೆಯೇ ನಡುಗಿತು. ಕೊನೆಗೆ ಅಜ್ಜಿಯದಕ್ಕೆ ಹಗ್ಗ ಬಿಗಿದು, ಅಜ್ಜಿ ಮೊದಲ ಕೈ ಹಾಕಿ, ದೊಡ್ಡವರು ಚಿಕ್ಕವರು ಎನ್ನದೆ ಎಲ್ಲರೂ ಜಗ್ಗಿದೆವು. ಅದು ಕೆಸರಿನಿಂದ ಸಡಿಲವಾದದ್ದೇ ನಾವೆಲ್ಲ ಒಬ್ಬರ ಮೇಲೊಬ್ಬರು ಹಿಂದಕ್ಕೆ ಬಿದ್ದೆವು. ಬಲೆಯೊಳಗೆ ಶೆಟ್ಲಿಗಳು ಗಾಜಿನ ಚೂರುಗಳ ಹಾಗೆ ಹಾರುತ್ತಿದ್ದವು. ನೊಗಲಿ ಮೀನು, ಕೈಯಗಲದ ಏಡಿ, ಹೆಸರೇ ಗೊತ್ತಿಲ್ಲದ ಇನ್ನೇನೋ. ಗದ್ದೆಯ ನೀರು ಇಳಿದ ಹಾಗೆ ನಾನೂ ಸುಲಭೆಯೂ ತೊಡೆಮಟ್ಟ ಕೆಸರಿಗೆ ಇಳಿದು, ಕೈಯಾಡಿಸಿ ಏಡಿ ಹಿಡಿಯಲು ಹೋಗಿ, ಏಡಿಗಳೇ ನಮ್ಮನ್ನು ಹಿಡಿದು, ಕಿರುಚಿ ಕಿರುಚಿ ಗಂಟಲು ಕಟ್ಟಿಕೊಂಡೆವು. ಮಧ್ಯಾಹ್ನ ಮಾಳದ ಮುಂದೆ ಕಗ್ಗದ ಕೆಂಪು ಅನ್ನ, ಮಾವಿನಕಾಯಿ ಹಾಕಿದ ಶೆಟ್ಲಿ ಸಾರು. ದೊಡ್ಡಮ್ಮ ತಂದಿದ್ದ ಇಶಾಡು ಮಾವಿನಹಣ್ಣಿನ ರಸ ಮೊಣಕೈ ತನಕ ಇಳಿಯುತ್ತಿತ್ತು. ಅಜ್ಜಿ ಎಲ್ಲರಿಗಿಂತ ಮೊದಲು ದೊಡ್ಡಪ್ಪನ ತಾಟಿಗೆ ಬಡಿಸಿ, ಅವನು ಉಂಡು ಕೈ ತೊಳೆಯುವ ತನಕ ಅವನೆದುರಿನಿಂದ ಏಳಲಿಲ್ಲ. ನನ್ನ ಬಾಳಿನಲ್ಲಿ ಅದಕ್ಕಿಂತ ರುಚಿಯಾದ ಊಟ ಮತ್ತೆ ಸಿಕ್ಕಿಲ್ಲ. ಸಿಗುತ್ತದೆ ಎಂಬ ಆಸೆಯೂ ಇಲ್ಲ.

ಹಾಗೆ ಇನ್ನೂ ಕೆಲವು ವರ್ಷ ನಡೆಯಿತು. ಕಬ್ಬಿಣದ ಬಾಗಿಲಿನ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ. ಅಜ್ಜಿ ಹೋದಳು. ನಾನೂ ಸುಲಭೆಯೂ ಮದುವೆಯಾಗಿ ಹೊರಟೆವು. ಕಗ್ಗ ಬಿತ್ತುವವರು, ಕೆಸರಿಗೆ ಇಳಿಯುವವರು ಕಡಿಮೆಯಾದರು. ಒಂದು ಮಳೆಗಾಲದಲ್ಲಿ ನದಿ ಉಕ್ಕಿ ಕಟ್ಟೆ ಒಡೆಯಿತು. ಅಕ್ಕಪಕ್ಕದ ಗಜನಿಯವರೂ ಕೈಬಿಟ್ಟಿದ್ದರಿಂದ ಕಟ್ಟುವವರಾರು? ಈಗ ನೀರು ಯಾರನ್ನೂ ಕೇಳದೆ ಒಳಗೆ ಬರುತ್ತದೆ, ಹೊರಗೆ ಹೋಗುತ್ತದೆ. ಮಾಳ ಇದ್ದ ಜಾಗದಲ್ಲಿ ಕಾಂಡ್ಲಾ ಗಿಡ ದಟ್ಟವಾಗಿ ಬೆಳೆದಿದೆ. ಬೆಳ್ಳಕ್ಕಿಗಳಿಗೆ ಸುಖವಾಗಿರಬೇಕು. ಹೆದ್ದಾರಿಯಲ್ಲಿ ಬಸ್ಸು ಸೇತುವೆ ದಾಟುವಾಗ ನಾನು ಆ ಕಡೆ ಕತ್ತು ತಿರುಗಿಸುತ್ತೇನೆ, ಗುರುತು ಹಿಡಿಯುವಷ್ಟರಲ್ಲಿ ಬಸ್ಸು ಮುಂದೆ ಹೋಗಿರುತ್ತದೆ.

ಅಪ್ಪ ತೀರಿಕೊಂಡ ಮರುವರ್ಷ, ಒಂದು ಬೆಳಿಗ್ಗೆ ಶಿರವಾಡದ ನಮ್ಮ ಮನೆಯ ಬಾಗಿಲು ತಟ್ಟಿದ ಸದ್ದಾಯಿತು. ತೆರೆದರೆ ದೊಡ್ಡಪ್ಪ. ನಿವೃತ್ತನಾಗಿ ಸೊರಗಿದ್ದ, ಹೆಗಲ ಮೇಲೆ ಹಲಗೆ. ಅದನ್ನು ಹತ್ತಿಸಿಕೊಳ್ಳಲು ಬಸ್ಸಿನ ಕಂಡಕ್ಟರು ತಕರಾರು ಮಾಡಿದ್ದನಂತೆ, ದಾರಿಯುದ್ದಕ್ಕೂ ಜಗಳವಾಡಿಕೊಂಡೇ ಬಂದೆ ಎಂದ. ಅದನ್ನು ಹೇಳುವಾಗ ಅವನ ಮುಖದಲ್ಲಿ ಹುಡುಗರ ಹುಮ್ಮಸ್ಸು. ಇಳಿತದ ಹೊತ್ತಿಗೆ ದೋಣಿ ಮಾಡಿಕೊಂಡು ಒಬ್ಬನೇ ಹೋಗಿದ್ದನಂತೆ. ಕಂಬ ವಾಲಿ ಹಲಗೆಗಳು ಸಡಿಲವಾಗಿದ್ದವು, ಇನ್ನೊಂದು ಮಳೆಗಾಲ ಕಳೆದಿದ್ದರೆ ನದಿ ಕೊಂಡೊಯ್ಯುತ್ತಿತ್ತು. ಮೂರು ಹಲಗೆ ತಂದಿದ್ದ. ಒಂದು ಗೀರಿನದು ತನ್ನ ಮನೆಗೆ, ಮೂರು ಗೀರಿನದು ಅವರ್ಸೆಗೆ ಮುಟ್ಟಿಸಿ, ಎರಡು ಗೀರಿನದನ್ನು ನನಗೆ ತಂದಿದ್ದ. ಹಿಂದೊಮ್ಮೆ ಇವನ್ನೆಲ್ಲ ಕಿತ್ತು ಬಿಸಾಕಿ ಎಂದವನು ಇವನೇನಾ ಎಂದು ನಾನು ನೋಡುತ್ತಿದ್ದೆ. ಅವನಿಗೂ ಅದೇ ನೆನಪಾಗಿರಬೇಕು, ನನ್ನ ಮುಖ ನೋಡದೆ ಗೀರುಗಳನ್ನು ಬೆರಳಿನಿಂದ ಸವರಿದ. ಅಜ್ಜಿಯದು ಎಲ್ಲಿ ಎಂದು ಕೇಳಿದೆ.

"ಅಬ್ಬೇದು ಬರ್ಲಿಲ್ಲ ತಂಗಿ," ಎಂದ. "ಬಾಳ ಜಗ್ದೆ. ಅದು ಒಬ್ನ ಕೈಲಿ ಆಗೂದಲ್ಲ. ಎಲ್ಲಾ ಬೇಕು."

ಚಾ ಕುಡಿದು, ಊಟಕ್ಕೂ ನಿಲ್ಲದೆ ಹೊರಟ. ಊಟ ಮಾಡದೆ ಹೋಗುತ್ತೀಯಾ ಎಂದು ನಾನು ಬೈದಾಗ ಮಾತ್ರ, ಬಾಗಿಲಿನಿಂದ ತಿರುಗಿ ಬಂದು, ಕುಳಿತು, ತಾಟು ಪೂರ್ತಿ ಖಾಲಿ ಮಾಡಿ ಎದ್ದ.

ಈಗ ದೊಡ್ಡಪ್ಪನೂ ಇಲ್ಲ. ಅವನ ಹಲಗೆ ಅಂಕೋಲೆಯಲ್ಲಿ ಸುಲಭೆಯ ಮನೆಯ ಜಗಲಿಯಲ್ಲಿದೆ, ಅವಳ ಮಕ್ಕಳು ಅದರ ಮೇಲೆ ಕುಳಿತು ಶಾಲೆಯ ಬೂಟು ಹಾಕಿಕೊಳ್ಳುತ್ತಾರೆ. ಮೂರು ಮನೆಗಳಲ್ಲಿ, ವರ್ಷಗಟ್ಟಲೆ ಉಪ್ಪುನೀರು ಕುಡಿದ ಮೂರು ಹಲಗೆಗಳು ಬೇರೆ ಬೇರೆ ದಿನ ಬೆವರುತ್ತವೆ. ಯಾರ ಹಲಗೆ ಮೊದಲು ಬೆವರಿತೋ ಅವರು ಉಳಿದವರಿಗೆ ಫೋನು ಮಾಡಬೇಕು. ಹಾಗೆಂದು ಯಾರೂ ಮಾತಾಡಿಕೊಂಡಿಲ್ಲ, ಆದರೆ ಮಾಡುತ್ತೇವೆ. ಈ ವರ್ಷ ಮೊದಲು ನನ್ನದು ಬೆವರಿತು. ಮರುದಿನ ಬೆಳಗಾಗುವ ಮುಂಚೆಯೇ ಸುಲಭೆಯ ಫೋನು, ಅವಳದೂ ಬೆವರಿತೆಂದು. ಅತ್ತೆಗೆ ಈಗ ಕಿವಿ ಮಂದ, ನೆನಪೂ ಮಂದ. ಎರಡು ದಿನ ಕಾದು ಸುಲಭೆಯೂ ನಾನೂ ಒಟ್ಟಿಗೇ ಅವಳಿಗೆ ಫೋನು ಹಚ್ಚಿದೆವು. ಅಡುಗೆಮನೆಯ ಬಾಗಿಲ ಬಳಿ ಇಟ್ಟ ಹಲಗೆಯನ್ನು ಮುಟ್ಟಿ ನೋಡಲು ಅವಳು ಎದ್ದು ಹೋದಳು. ಅವಳ ಊರುಗೋಲಿನ ಸದ್ದು ಹೋಗುವುದೂ ಬರುವುದೂ ನಮಗೆ ಕೇಳಿಸುತ್ತಿತ್ತು. ಒದ್ದೆಯಾಗಿದೆ ಎಂದಳು. ಆಮೇಲೆ ನಾನು ಎಷ್ಟೋ ವರ್ಷದಿಂದ ಕೇಳದಿದ್ದ ಮಾತನ್ನು ಕೇಳಿದಳು.

"ಎಲ್ಲಾ ಬಂದಾಯ್ತಾ?"

ನಾನು ಸೆರಗಿನಿಂದ ಮೂಗು ಒರೆಸಿಕೊಂಡೆ. ಸುಲಭೆಯೂ ಆ ತುದಿಯಲ್ಲಿ ಮೂಗು ಸೇದುತ್ತಿದ್ದಳು. ಬಂದಾಯ್ತು ಎನ್ನಲು ನಾವು ಯಾರು ಯಾರನ್ನು ಲೆಕ್ಕಕ್ಕೆ ಹಿಡಿಯಬೇಕು? ಅತ್ತೆ ನಮ್ಮ ಉತ್ತರಕ್ಕೆ ಕಾದು, ಸಾಕಾಗಿ ಫೋನು ಇಟ್ಟಳು. ನಾನು ಒದ್ದೆ ಹಲಗೆಯ ಮೇಲೆ ಅಂಗೈ ಊರಿ ನಿಂತೆ. ಗಂಗಾವಳಿಯ ಕೆಸರಿನಲ್ಲಿ ಗೀರಿಲ್ಲದ ನಾಲ್ಕನೆಯ ಹಲಗೆ ಇನ್ನೂ ಇದೆ. ದಿನಕ್ಕೆರಡು ಸಲ ಭರತ ಅದರ ಮೇಲೆ ಏರುತ್ತದೆ, ಇಳಿಯುತ್ತದೆ. ಅದನ್ನು ಎಳೆಯಲು ಎಲ್ಲರೂ ಬೇಕು, ಎಲ್ಲರೂ ಬರುವ ತನಕ ನಮ್ಮ ಅಜ್ಜಿ ಯಾರಿಗೂ ಮುಟ್ಟಗೊಡುವವಳಲ್ಲ.